ಕನ್ನಡದಲ್ಲಿ ಏನಾದರೂ ಇದ್ದರೆ ಕೊಡು ಎಂದ ತಾಯಿಗೆ ನಮ್ಮ ಉತ್ತರವೇನು?



ಇದನ್ನು ನನ್ನ ಅಣ್ಣನ ಮಗನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವನ ಗುರುತು ಸಿಗಬಾರದೆಂದು ನನ್ನ ಹೆಸರನ್ನೂ ಊರನ್ನೂ ಬಿಟ್ಟಿದ್ದೇನೆ. ಸಂಪಾದಕರು ಅದಕ್ಕೆ ಒಪ್ಪಿದ್ದಾರೆ.

ಕಳೆದ ಶ್ರಾವಣದಲ್ಲಿ ನಮ್ಮೂರ ಮಠದ ತಿಂಗಳ ಪ್ರವಚನ ಮುಗಿದ ರಾತ್ರಿ ಅವನು ನನ್ನ ಪಕ್ಕ ಬಂದು ಕುಳಿತ. ಮನೆಯಲ್ಲಿ ಅವನಿಗೆ ಹೆಣ್ಣು ನೋಡಲು ಶುರುಮಾಡಿದ್ದರು. "ಕಾಕಾ, ನನಗ ಹುಡುಗ್ಯಾರ ಮ್ಯಾಲ ಮನಸ್ಸು ಬರೂದಿಲ್ಲ. ಅಪ್ಪಗ ನೀವ ಹೇಳ್ರಿ" ಎಂದ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಆ ದಿನವಷ್ಟೇ ಬಸವಣ್ಣನವರ ಸಮಾನತೆಯ ಬಗ್ಗೆ ಅರ್ಧ ತಾಸು ಮಾತನಾಡಿ ಬಂದಿದ್ದೆ. ಆದರೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಇದೆಲ್ಲಾ ಮೊಬೈಲ್ ನೋಡಿ ಕಲಿತದ್ದು."

ಅವನು ಸಿಟ್ಟಾಗಲಿಲ್ಲ. "ಕಾಕಾ, ಎಂಟನೇತ್ತೆ ಇದ್ದಾಗಿಂದ ನನಗ ಇದು ಗೊತ್ತೈತಿ. ಇದಕ್ಕೊಂದು ಹೆಸರೈತಿ, ನನ್ನಂಥವರು ಇನ್ನೂ ಅದಾರ ಅನ್ನೂದಷ್ಟ ಮೊಬೈಲ್‌ನ್ಯಾಗ ತಿಳೀತು" ಎಂದ.

ಮುಂದಿನ ವಾರ ಅಣ್ಣ ಅವನನ್ನು ಒಬ್ಬ ವೈದ್ಯರ ಬಳಿ ಕರೆದೊಯ್ದ. ಆರು ತಿಂಗಳು ಗುಳಿಗೆ ತೆಗೆದುಕೊಂಡರೆ ಸರಿಹೋಗುತ್ತದೆ ಎಂದು ಅವರು ಚೀಟಿ ಬರೆದುಕೊಟ್ಟರು. ಇದು ರೋಗವೇ ಅಲ್ಲವೆಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಸ್ಪಷ್ಟಪಡಿಸಿದೆ. ಇಂಥವರನ್ನು 'ಬದಲಾಯಿಸುವ' ಚಿಕಿತ್ಸೆ ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಆ ದಿನ ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಆ ಹುಡುಗನೊಬ್ಬನೇ. ಅವನು ಅದನ್ನು ಓದಿದ್ದು ಅಂತರ್ಜಾಲದಲ್ಲಿ, ಇಂಗ್ಲಿಷಿನಲ್ಲಿ.

ಅವನ ತಾಯಿ, ಅಂದರೆ ನಮ್ಮ ವೈನಿ, ಎರಡು ದಿನ ಅತ್ತರು. ಮೂರನೆಯ ದಿನ ನನ್ನನ್ನು ಕರೆದು, "ತಮ್ಮಾ, ಮಗ ಮೊಬೈಲ್‌ನ್ಯಾಗ ಏನೇನೋ ತೋರಸ್ತಾನ, ನನಗ ಇಂಗ್ಲಿಷ್ ಬರೂದಿಲ್ಲ. ಇದರ ಬಗ್ಗೆ ಕನ್ನಡದಾಗ ಬರದದ್ದು ಏನರ ಇದ್ರ ತಂದು ಕೊಡಪ್ಪ" ಎಂದರು.

ಆ ಮಾತು ನನ್ನನ್ನು ಈ ಲೇಖನದವರೆಗೆ ತಂದಿದೆ.

ನಾನು ಹುಡುಕಿದೆ. ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ. 'ಗೇಸಿ' ಎಂಬ ತಾಣ 2008ರಿಂದಲೂ, 'ಗೇಲ್ಯಾಕ್ಸಿ' ಎಂಬ ಅಂತರ್ಜಾಲ ಪತ್ರಿಕೆ 2010ರಿಂದಲೂ ನಡೆದುಬಂದಿವೆ. ಗೇಲ್ಯಾಕ್ಸಿ ಹಿಂದಿಯಲ್ಲೂ ಬಂದಿದೆ. ಚೆನ್ನೈನ 'ಓರಿನಂ' ತಮಿಳು, ಇಂಗ್ಲಿಷ್ ಎರಡರಲ್ಲೂ ಬರೆಯುತ್ತದೆ. ಮಕ್ಕಳ ವಿಷಯ ತಿಳಿದ ತಂದೆತಾಯಿಗಳು ಬರೆದುಕೊಂಡ ಮಾತುಗಳೂ ಅದರಲ್ಲಿವೆ. ನಮ್ಮ ವೈನಿಗೆ ಬೇಕಾಗಿದ್ದದ್ದು ಅದೇ. ಆದರೆ ಕನ್ನಡದಲ್ಲಿ ಹುಡುಕಿದಾಗ ನನಗೆ ಮೊದಲು ಸಿಕ್ಕಿದ್ದು ಗೇಲಿಯ ವಿಡಿಯೋಗಳು. ಹೆಣ್ಣಿನಂತೆ ನಡೆಯುವ ಗಂಡನ್ನು ನೋಡಿ ನಗುವ ತುಣುಕುಗಳು. ಅವುಗಳಲ್ಲಿ ಒಂದೆರಡನ್ನು ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ನಾನೇ ನೋಡಿ ನಕ್ಕಿದ್ದೆ. ಆ ಗುಂಪಿನಲ್ಲಿ ಅಣ್ಣನ ಮಗನೂ ಇದ್ದ.

ಒಳ್ಳೆಯದು ಇಲ್ಲವೇ ಇಲ್ಲವೆಂದಲ್ಲ. ಬೆಂಗಳೂರಿನ 'ರೇಡಿಯೋ ಆ್ಯಕ್ಟಿವ್' ಎಂಬ ಸಮುದಾಯ ಬಾನುಲಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರೇ ಮಾತನಾಡಿದ್ದಾರೆ. ಮಂಜಮ್ಮ ಜೋಗತಿಯವರ ಸಂದರ್ಶನಗಳು ಯೂಟ್ಯೂಬ್‌ನಲ್ಲಿವೆ. ಬಳ್ಳಾರಿ ಸೀಮೆಯ ಒಂದು ಮನೆಯಲ್ಲಿ ಗಂಡಾಗಿ ಹುಟ್ಟಿ, ಜೋಗತಿಯಾಗಿ, ಹೊಟ್ಟೆಪಾಡಿಗೆ ಭಿಕ್ಷೆ ಬೇಡಿದವರು ಅವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ವೈನಿ ಮತ್ತು ನಾನು ಅಂಥದೊಂದು ಸಂದರ್ಶನವನ್ನು ಕುಳಿತು ನೋಡಿದೆವು. ಮುಗಿದ ಮೇಲೆ ವೈನಿ ಕೇಳಿದ್ದು: "ಈಕೀನ ಹಡದಾಕಿ ಹೆಂಗ ತಡಕೊಂಡಳೋ?"

ಮೊಬೈಲ್ ಬಂದು ಮಕ್ಕಳು ಹೀಗಾದರು ಎನ್ನುವವರಿಗೆ ಮಂಜಮ್ಮನವರ ಬದುಕೇ ಉತ್ತರ. ಅವರ ಬಾಲ್ಯದಲ್ಲಿ ಯಾವ ಮೊಬೈಲ್ ಇತ್ತು? ಸವದತ್ತಿಯ ಗುಡ್ಡಕ್ಕೆ ನಡೆದುಕೊಳ್ಳುವ ಜೋಗಪ್ಪಗಳು ನಮ್ಮ ಅಜ್ಜಂದಿರ ಕಾಲದಲ್ಲೂ ಇದ್ದರು. ಅಂಥ ಮಕ್ಕಳು ಎಲ್ಲ ಕಾಲದಲ್ಲೂ ಹುಟ್ಟಿದ್ದಾರೆ. ಮನೆಯಲ್ಲಿ ಜಾಗ ಕೊಡಲಾಗದೆ ನಾವು ಅವರನ್ನು ದೇವರ ಹೆಸರಿನಲ್ಲಿ ಹೊರಗೆ ಬಿಟ್ಟೆವು, ಇಲ್ಲವೇ ಬಾಯಿ ಮುಚ್ಚಿಸಿ ಮದುವೆ ಮಾಡಿದೆವು. ಅಂತರ್ಜಾಲ ಕೊಟ್ಟದ್ದು ಆ ಬಾಯಿಗೆ ಮಾತು ಮಾತ್ರ.

ಈಗ ನಮ್ಮ ಪರಂಪರೆಯ ಮಾತು. ಶರಣರು ಸಲಿಂಗ ಪ್ರೇಮದ ಬಗ್ಗೆ ಹೀಗೆ ಹೇಳಿದ್ದಾರೆ ಎಂದು ನಾನು ವಚನ ಹುಡುಕಿ ತೋರಿಸುವುದಿಲ್ಲ. ಈ ಪ್ರಶ್ನೆ ಇಂದಿನ ರೂಪದಲ್ಲಿ ಅವರ ಮುಂದೆ ಇರಲಿಲ್ಲ. ಇಲ್ಲದ್ದನ್ನು ಅವರ ಬಾಯಿಗೆ ತುರುಕುವುದು ಶರಣರಿಗೆ ಮಾಡುವ ಅಪಚಾರ. ಆದರೆ ಅವರು ಹೇಳಿದ್ದಂತೂ ನಮ್ಮ ಮುಂದಿದೆ. ದೇಹದ ಗುರುತಿನಿಂದ ಆತ್ಮವನ್ನು ಅಳೆಯಲಾಗದು ಎಂಬ ಜೇಡರ ದಾಸಿಮಯ್ಯನವರ ವಚನ ನಮಗೆಲ್ಲ ಗೊತ್ತು. ಮಂಜಮ್ಮನವರ ಆತ್ಮಕಥನಕ್ಕೆ 'ನಡುವೆ ಸುಳಿವ ಹೆಣ್ಣು' ಎಂಬ ಹೆಸರಿದೆ. ಅದನ್ನು ಕೇಳಿದ ಯಾವ ಲಿಂಗಾಯತನಿಗೆ ಆ ವಚನ ನೆನಪಾಗುವುದಿಲ್ಲ? ಶರಣ ಸತಿ, ಲಿಂಗ ಪತಿ ಎಂಬ ಭಾವದಲ್ಲಿ ಗಂಡಸರಾದ ಶರಣರೂ ಹೆಣ್ಣಾಗಿ ನುಡಿದರು. ಸಮಾಜ ಹೊರಗಿಟ್ಟಿದ್ದ ಸೂಳೆ ಸಂಕವ್ವೆಯ ವಚನವನ್ನೂ ನಮ್ಮ ಸಂಪುಟಗಳು ಉಳಿಸಿಕೊಂಡಿವೆ. ಬಂದವರನ್ನು ನಮ್ಮವರೆನ್ನಬೇಕೆಂಬ ಬಸವಣ್ಣನವರ ವಚನವನ್ನು ಪ್ರತಿ ಸಭೆಯಲ್ಲೂ ಹಾಡುತ್ತೇವೆ. ಮನೆಯಲ್ಲೇ ಹುಟ್ಟಿದವನ ಸರದಿ ಬಂದಾಗ ಆ ಹಾಡು ಗಂಟಲಲ್ಲಿ ಸಿಕ್ಕಿಕೊಳ್ಳುವುದೇಕೆ?

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ಜ್ಞಾನ ಒಂದು ಭಾಷೆಯ ಬೀಗದೊಳಗೆ ಇರಬಾರದೆಂದು ಶರಣರು ಕನ್ನಡದಲ್ಲಿ ನುಡಿದರು. ಆ ನುಡಿ ಮನೆಮನೆಗೆ ತಲುಪಲೆಂದು ಫ.ಗು. ಹಳಕಟ್ಟಿಯವರು ಮುದ್ರಣಾಲಯ ಕಟ್ಟಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ತೆಗೆದರು, ಅದಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಅವರ ಕಾಲದ ಹೊಸ ಮಾಧ್ಯಮ ಮುದ್ರಣ. ನಮ್ಮ ಕಾಲದ್ದು ಅಂತರ್ಜಾಲ. ಇಂದು ನಮ್ಮ ಎಷ್ಟೋ ಮಠಗಳ ಪ್ರವಚನ ಯೂಟ್ಯೂಬ್‌ನಲ್ಲಿ ನೇರವಾಗಿ ಬರುತ್ತದೆ. ಅಲ್ಲಿ ಈ ಮಕ್ಕಳ ಬಗ್ಗೆ ಒಂದು ಮಾತನ್ನೂ ನಾನು ಕೇಳಿಲ್ಲ. ನಾವು ಬಿಟ್ಟ ಜಾಗವನ್ನು ಗೇಲಿಯ ವಿಡಿಯೋಗಳು ತುಂಬಿವೆ.

ಕಾನೂನು ನಮಗಿಂತ ಮುಂದೆ ನಡೆದಿದೆ. ತೃತೀಯ ಲಿಂಗಿಗಳ ಗುರುತನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಮಾನ್ಯ ಮಾಡಿತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರ ಸೆಪ್ಟೆಂಬರ್ 6ರಂದು ಹೇಳಿತು. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ನೌಕರಿಗಳಲ್ಲಿ ತೃತೀಯ ಲಿಂಗಿಗಳಿಗೆ ಶೇ. 1ರಷ್ಟು ಮೀಸಲಾತಿ ಕೊಟ್ಟಿತು. ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು 2023ರಲ್ಲಿ ಕೋರ್ಟ್ ಒಪ್ಪಲಿಲ್ಲ, ಅದನ್ನು ಶಾಸನಸಭೆಗೆ ಬಿಟ್ಟಿತು. ಆ ಚರ್ಚೆ ಮುಂದೆ ನಡೆಯಲಿ. ನಾನು ಕೇಳುವುದು ಅದಕ್ಕಿಂತ ಸಣ್ಣದು. ಮನಸ್ಸಿಲ್ಲದವನಿಗೆ ಹೆಣ್ಣು ಗಂಟುಹಾಕುವುದನ್ನು ನಿಲ್ಲಿಸೋಣ. ಅಲ್ಲಿ ಹಾಳಾಗುವುದು ಎರಡು ಜೀವ. ಆ ಎರಡನೆಯ ಜೀವವೂ ಯಾರದೋ ಮನೆಯ ಮಗಳು.

ವಂಶ ನಿಲ್ಲುತ್ತದೆ, ಜನ ಏನೆಂದಾರು ಎಂಬ ಅಳುಕು ನನಗೂ ಇತ್ತು. ಹರಳಯ್ಯ, ಮಧುವರಸರು ಮಕ್ಕಳಿಗೆ ಮದುವೆ ಮಾಡಿದಾಗ ಜನ ಏನೆಂದಾರು ಎಂದು ಕೇಳಿಕೊಂಡಿದ್ದರೆ ಕಲ್ಯಾಣದ ಕಥೆಯೇ ಇರುತ್ತಿರಲಿಲ್ಲ.

ಪೂಜ್ಯರಲ್ಲಿ ನನ್ನ ಬಿನ್ನಹ ಮೂರು. ಒಂದು, ಮಠದ ಯೂಟ್ಯೂಬ್ ವಾಹಿನಿಯಲ್ಲಿ ತಿಂಗಳಿಗೊಮ್ಮೆ ಒಬ್ಬ ಮನೋವೈದ್ಯರು, ಒಬ್ಬ ವಕೀಲರು, ಇಂಥ ಬದುಕು ಬದುಕಿದ ಒಬ್ಬರು ಕನ್ನಡದಲ್ಲಿ ಮಾತನಾಡಲಿ. ಶಿವಾನುಭವ ಗೋಷ್ಠಿಗೂ ಅವರನ್ನು ಕರೆಯೋಣ. ಎರಡು, ನಮ್ಮ ಪ್ರಸಾದ ನಿಲಯಗಳಲ್ಲಿ ಸಾವಿರಾರು ಮಕ್ಕಳಿದ್ದಾರೆ. ನಡೆನುಡಿ ಬೇರೆ ಎಂದು ಮಗುವೊಂದನ್ನು ಕಾಡಿಸಿದರೆ ಏನು ಮಾಡಬೇಕೆಂದು ಅಲ್ಲಿನ ಮೇಲ್ವಿಚಾರಕರಿಗೆ ತಿಳಿವಳಿಕೆ ಕೊಡಿಸಿ. ಮೂರು, ಕಂಗಾಲಾದ ತಂದೆತಾಯಿ ಮಠಕ್ಕೆ ಬಂದಾಗ, "ಇವನೂ ಲಿಂಗವಂತ, ನಿಮ್ಮ ಮಗ, ಮನೆಗೆ ಕರಕೊಂಡು ಹೋಗಿ" ಎಂಬ ಮಾತು ಪೂಜ್ಯರ ಬಾಯಿಂದ ಬರಲಿ. ನಾನು ಗಂಟೆಗಟ್ಟಲೆ ಹೇಳಿದರೂ ಅಣ್ಣ ಕೇಳಲಿಲ್ಲ. ಸ್ವಾಮಿಗಳು ಹೇಳಿದ್ದರೆ ಕೇಳುತ್ತಿದ್ದ.

ಅಣ್ಣ ಈಗಲೂ ಮಗನೊಡನೆ ಹೆಚ್ಚು ಮಾತನಾಡುವುದಿಲ್ಲ. ಗುಳಿಗೆ ನಿಂತಿದೆ, ಹೆಣ್ಣು ನೋಡುವುದೂ ನಿಂತಿದೆ. ಈ ಪತ್ರಿಕೆ ಅವನ ಮನೆಗೂ ಹೋಗುತ್ತದೆ. ಕನ್ನಡದಾಗ ಏನರ ಇದ್ರ ಕೊಡು ಎಂದು ಕೇಳಿದ ವೈನಿಯ ಕೈಗೆ ಸದ್ಯಕ್ಕೆ ಇದೊಂದಾದರೂ ಸಿಗಲಿ.