ಹಬ್ಬದ ಮರುದಿನ ತಿಪ್ಪೆ ಸೇರುವ ಚೆಂಡು ಹೂವು: ನೂಲಿನ ಬಣ್ಣವಾದರೆ ಕಾಸು ಹುಟ್ಟೀತೇ?

ಕುದೂರು: ಆಯುಧಪೂಜೆಯ ಹಿಂದಿನ ದಿನ ಚೆಂಡು ಹೂವಿಗೆ ಗಿರಾಕಿ ಮೇಲೆ ಗಿರಾಕಿ. ಹಬ್ಬ ಮುಗಿದ ಮರುದಿನ ಅದೇ ಹೂವನ್ನು ಕೇಳೋರೇ ಇರಲ್ಲ. ಬೆಳೆದವರಿಗೆ ಕೊಯ್ಲಿನ ಕೂಲಿಯೂ ಗಿಟ್ಟುವುದಿಲ್ಲ, ಅಂಗಡಿಯವರಿಗೆ ಕಸ ಎತ್ತುವ ಕೆಲಸ ಬೇರೆ. ಈ ಹೂವಿನಿಂದ ಉಣ್ಣೆ ನೂಲಿಗೆ ಬಣ್ಣ ಹಾಕಬಹುದು ಎನ್ನುವುದು ನಿಜ. ಅದು ಕಸುಬಾಗುತ್ತಾ ಅನ್ನೋದೇ ಪ್ರಶ್ನೆ.

ಕೆಲಸ ಕಷ್ಟದ್ದಲ್ಲ. ಒಂದು ಕೆ.ಜಿ. ನೂಲಿಗೆ 100ರಿಂದ 150 ಗ್ರಾಂ ಪಟಿಕ ಸಾಕು. ಪಟಿಕದ ನೀರಿನಲ್ಲಿ ಕಾಯಿಸಿದ ನೂಲನ್ನು, ಒಂದೆರಡು ಕೆ.ಜಿ. ಹೂವು ಬೇಯಿಸಿ ಸೋಸಿದ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ ಇಡಬೇಕು. ಕೊತಕೊತ ಕುದಿಸಿ ಕಲಕಿದರೆ ಉಣ್ಣೆ ಮುದ್ದೆಯಾಗುತ್ತದೆ. ಸಿಗುವುದು ಹೊಳೆಯುವ ಹಳದಿ. ಸ್ವಲ್ಪ ಕಬ್ಬಿಣದ ನೀರು ಸೇರಿಸಿದರೆ ಪಾಚಿ ಹಸಿರು. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಇದು ಅದಕ್ಕಿಂತ ಗಟ್ಟಿ.

ತೊಡಕಿರುವುದು ಹೂವಿನಲ್ಲಲ್ಲ, ನೂಲಿನಲ್ಲಿ. ಚಳ್ಳಕೆರೆ ಕಡೆಯ ಕಂಬಳಿಗೆ ಹೆಸರು ಬಂದದ್ದೇ ಕುರಿಯ ಕಪ್ಪು ಉಣ್ಣೆಯಿಂದ. ಕಪ್ಪಿನ ಮೇಲೆ ಹಳದಿ ಕಾಣದು. ಬಿಳಿ ಉಣ್ಣೆ ನೂಲನ್ನು ಹೊರಗಿನಿಂದ ಕೊಂಡು ತಂದರೆ ಅಸಲು ಏರುತ್ತದೆ. ಹೂವು ಪುಕ್ಕಟೆ ಸಿಕ್ಕರೂ ಲೆಕ್ಕ ಕೂಡುವುದಿಲ್ಲ.

ಆದರೆ ಉಣ್ಣೆಯಂತೆ ರೇಷ್ಮೆಯೂ ಪ್ರಾಣಿಜನ್ಯ ನಾರು. ಗೋಂದು ತೆಗೆದ ರೇಷ್ಮೆ ನೂಲಿಗೂ ಇದೇ ಬಣ್ಣ ಹಿಡಿಯುತ್ತದೆ. ದೊಡ್ಡ ರೇಷ್ಮೆಗೂಡು ಮಾರುಕಟ್ಟೆಯೂ, ನೂಲು ಬಿಚ್ಚುವವರೂ ಪಕ್ಕದ ರಾಮನಗರದಲ್ಲೇ ಇದ್ದಾರೆ. ಚನ್ನಪಟ್ಟಣದಲ್ಲಿ ಅರಗಿಗೆ ಅರಿಶಿನದಂಥ ಗಿಡಮೂಲದ ಬಣ್ಣ ಬೆರೆಸಿ ಮಾಡಿದ ಆಟಿಕೆಗೆ ಬೇರೆಯದೇ ಗಿರಾಕಿ ಇದ್ದಾರೆ. ಅಂದರೆ ದಾರಿ ಪೂರ್ತಿ ಹೊಸದಲ್ಲ.

ಗುಂಡ್ಲುಪೇಟೆ ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿನ ರೈತರು ಬಣ್ಣದ ಸಾರ ತೆಗೆಯುವ ಕಂಪನಿಗಳ ಜತೆ ಮೊದಲೇ ಒಪ್ಪಂದ ಮಾಡಿಕೊಂಡು ಚೆಂಡು ಹೂವು ಹಾಕುತ್ತಾರೆ. ಆ ಸಾರ ಕೋಳಿ ಆಹಾರಕ್ಕೂ ಹೋಗುತ್ತದೆ, ಮೊಟ್ಟೆಯ ಹಳದಿ ಕೆಂಪೇರಲಿ ಅಂತ. ಕೊಳ್ಳುವವರು ಮೊದಲು, ಬೆಳೆ ಆಮೇಲೆ.

ಹಾಗಾಗಿ ಕುದೂರಿನಲ್ಲಿ ಬಣ್ಣದ ಹಂಡೆ ಹೂಡಲು ಈಗಲೇ ಸಾಲ ಮಾಡಬೇಕಿಲ್ಲ. ಮಾರಾಟವಾಗದ ಹೂವಿನಿಂದ ದಾರ, ಪ್ಲಾಸ್ಟಿಕ್ ಬೇರೆ ಮಾಡಿ, ಕೊಳೆಯುವ ಮೊದಲೇ ನೆರಳಲ್ಲಿ ಒಣಗಿಸಿದರೆ ತಿಂಗಳುಗಟ್ಟಲೆ ಇಡಬಹುದು. ಒಣಗಿದ ಹೂವಿಗೆ ತೂಕ ಕಡಿಮೆ, ಸಾಗಣೆ ಸಲೀಸು. ಒಂದಿಷ್ಟು ಮಾದರಿ ಹಿಡಿದು ರಾಮನಗರದ ನೂಲಿನವರನ್ನು, ಬಣ್ಣದವರನ್ನು ಕೇಳಿ ನೋಡುವುದಕ್ಕೆ ಬಸ್ ಚಾರ್ಜಿಗಿಂತ ಹೆಚ್ಚು ಖರ್ಚಿಲ್ಲ. ಅವರು ಒಪ್ಪಿದರೆ ಮುಂದಿನ ಹಬ್ಬದ ಕಸಕ್ಕೂ ಒಂದು ರೇಟು ಸಿಕ್ಕೀತು.