ಲಿಯೊನಾರ್ಡೊನ ಹಾರುವ ಯಂತ್ರವೂ ಪ್ರತಿಕೃತಿಕಾರನ ಧರ್ಮವೂ

ಇಟಲಿಯ ಲಿಯೊನಾರ್ಡೊ ಡ ವಿಂಚಿ (1452–1519) ಚಿತ್ರಕಾರನೆಂದು ಲೋಕವಿಖ್ಯಾತನಾದರೂ ಆತನ ಆಯುಷ್ಯದ ಬಹುಭಾಗವನ್ನು ಕಾಡಿದ ಹಂಬಲ ಆಕಾಶಗಮನದ್ದು. ಮಿಲಾನಿನಲ್ಲಿದ್ದಾಗ, 1480ರ ದಶಕದ ಕೊನೆಯ ಹೊತ್ತಿಗೆ, ಆತ ತುಂಬಿಸಿದ ಟಿಪ್ಪಣಿ ಪುಸ್ತಕವೊಂದು ಈಗ ಪ್ಯಾರಿಸಿನಲ್ಲಿದೆ. ಬಲದಿಂದ ಎಡಕ್ಕೆ ಸಾಗುವ, ಕನ್ನಡಿ ಹಿಡಿದು ಓದಬೇಕಾದ ಬರಹ ಅದು. ರೆಕ್ಕೆ ಬಡಿಯುವ ಯಂತ್ರಗಳೂ ಗಾಳಿಯನ್ನು ಕೊರೆದು ಮೇಲೇರಬೇಕಾದ ತಿರುಪೊಂದೂ ಅದರಲ್ಲಿವೆ. ಈ ಚಿತ್ರಗಳನ್ನು ಆಧರಿಸಿ ಪ್ರತಿಕೃತಿ ರಚಿಸುವವರು ಇಂದು ಅನೇಕರು. ಅವರು ಪಾಲಿಸಬೇಕಾದ ಧರ್ಮ ಯಾವುದೆಂಬುದು ವಿಚಾರಾರ್ಹ.

ತಿರುಪಿನ ವಿವರವನ್ನು ಲಿಯೊನಾರ್ಡೊ ಮಿತಾಕ್ಷರಗಳಲ್ಲಿ ಕೊಟ್ಟಿದ್ದಾನೆ. ಅಂಚಿಗೆ ಹಗ್ಗದಷ್ಟು ದಪ್ಪನೆಯ ಉಕ್ಕಿನ ತಂತಿ; ಅಂಚಿನಿಂದ ಕೇಂದ್ರಕ್ಕೆ ಅಂದಿನ ಅಳತೆಯಲ್ಲಿ 8 ತೋಳು, ಎಂದರೆ ನಾಲ್ಕೂವರೆ ಮೀಟರಿಗೂ ಮಿಗಿಲು; ಹೊದಿಕೆಗೆ ಅಗಸೆನಾರಿನ ಬಟ್ಟೆ; ಆ ಬಟ್ಟೆಯ ರಂಧ್ರಗಳು ಮುಚ್ಚುವಂತೆ ಗಂಜಿ. ಪಂಚೆಗೆ ಗಂಜಿ ಹಾಕಿ ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದದ ಚಿಕ್ಕ ಮಾದರಿಯೊಂದನ್ನು ಮಾಡಿ, ಸಣ್ಣ ಉಕ್ಕಿನ ತಂತಿಯನ್ನು ಬಲವಾಗಿ ತಿರುಚಿ ಬಿಟ್ಟರೆ ತಿರುಪು ಸುತ್ತುವುದೆಂದೂ ಆತನೇ ಬರೆದಿದ್ದಾನೆ. ಆದಕಾರಣ ಪ್ರತಿಕೃತಿ ರಚನೆಗೆ ಮೂಲಕರ್ತೃವಿನ ಅನುಮತಿಯೇ ಇದೆ.

ದೊಡ್ಡ ಯಂತ್ರದ ಸಂಗತಿ ಬೇರೆ. ಮೂಲಚಿತ್ರದಲ್ಲಿ ಮನುಷ್ಯಾಕೃತಿಯೇ ಇಲ್ಲ. ಪೀಠದ ಮೇಲೆ ನಿಂತವರು ಅಡ್ಡಗಂಬಿಗಳನ್ನು ತಳ್ಳುತ್ತ ನಡುಗಂಬವನ್ನು ಸುತ್ತಿಸುವರೆಂಬುದು ಅನಂತರದವರ ಊಹೆ. ತಳ್ಳುವವನಿಗೆ ಕಾಲೂರಲು ಸ್ಥಿರವಾದ ನೆಲೆ ಬೇಕು. ಯಂತ್ರ ನೆಲ ಬಿಟ್ಟಿತೆನ್ನೋಣ. ಆ ಕ್ಷಣವೇ ಪೀಠವು ಅವರ ಕಾಲಡಿಯಲ್ಲಿ ವಿರುದ್ಧ ದಿಕ್ಕಿಗೆ ತಿರುಗತೊಡಗುವುದು. ಇಂದಿನ ಹೆಲಿಕಾಪ್ಟರಿನ ಬಾಲದಲ್ಲಿ ಚಿಕ್ಕ ಚಕ್ರವೊಂದು ಸುತ್ತುತ್ತಿರುವುದು ಈ ದೋಷದ ನಿವಾರಣೆಗಾಗಿಯೇ. ಅದೂ ಅಲ್ಲದೆ ಅಷ್ಟು ಭಾರವನ್ನೆತ್ತುವ ಶಕ್ತಿ ಮನುಷ್ಯರ ತೋಳಿನಲ್ಲಿಲ್ಲ.

ಪ್ರತಿಕೃತಿಕಾರನಿಗೆ ಪ್ರಲೋಭನೆ ಹುಟ್ಟುವುದು ಇಲ್ಲಿಯೇ. ಪೀಠದೊಳಗೆ ಮೋಟಾರನ್ನು ಅಡಗಿಸಿ, ನಾರುಬಟ್ಟೆಯ ಬದಲು ನೈಲಾನು ಹೊದಿಸಿದರೆ ತಿರುಪು ಗಿರ್ರನೆ ತಿರುಗುತ್ತದೆ. ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಓಲೆಗರಿಯಲ್ಲಿ ಛಂದಸ್ಸು ಕೆಟ್ಟ ಪದ್ಯ ಎದುರಾದಾಗ ತನಗೆ ತೋಚಿದ ಮಾತನ್ನು ತುಂಬಿ, ಅದನ್ನು ಕವಿಯದೆಂದೇ ಅಚ್ಚು ಹಾಕಿಸುವ ಸಂಪಾದಕನಿಗೂ ಇವನಿಗೂ ಭೇದವೇನು? ತಿದ್ದಬಾರದೆಂದಲ್ಲ; ತಿದ್ದಿದ್ದನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಬೇಕು. ಮುಚ್ಚಿಟ್ಟ ಮೋಟಾರು ಲಿಯೊನಾರ್ಡೊನಿಗೆ ಗೌರವವೆಂದು ಕೆಲವರು ಭಾವಿಸುತ್ತಾರೆ. ಅದು ಆತನ ಬಾಯಿಂದ ಸುಳ್ಳಾಡಿಸಿದಂತೆ.

ಮೂಲನಿಷ್ಠೆಯಿಂದ ಬರಿಯ ಸೋಲೇ ದೊರೆಯುವುದೆಂದು ಆಕ್ಷೇಪಿಸುವವರು ಪ್ಯಾರಾಷೂಟಿನ ವೃತ್ತಾಂತವನ್ನು ಗಮನಿಸಬೇಕು. 12 ತೋಳು ಅಗಲ, 12 ತೋಳು ಎತ್ತರದ, ಶಿಖರಾಕಾರದ ಬಟ್ಟೆಯ ಗುಡಾರವೊಂದನ್ನು ಲಿಯೊನಾರ್ಡೊ ಬರೆದಿದ್ದನು. ಅದು ಹೊಯ್ದಾಡಿ ಮಗುಚುವುದೆಂದು ತಜ್ಞರ ಎಣಿಕೆಯಾಗಿತ್ತು. 2000ದ ಜೂನಿನಲ್ಲಿ ಬ್ರಿಟನ್ನಿನ ಏಡ್ರಿಯನ್ ನಿಕೊಲಾಸ್ ಮರ ಮತ್ತು ಒರಟು ಬಟ್ಟೆಗಳಿಂದಲೇ ಅದನ್ನು ಕಟ್ಟಿಸಿ, ದಕ್ಷಿಣ ಆಫ್ರಿಕಾದಲ್ಲಿ ಸುಮಾರು 10,000 ಅಡಿ ಎತ್ತರದಲ್ಲಿ ಬಲೂನಿನಿಂದ ಇಳಿದನು. ಸುಮಾರು 85 ಕಿಲೋ ತೂಕದ ಆ ಚೌಕಟ್ಟು ಮಂದವಾಗಿ, ನೇರವಾಗಿ ತೇಲಿತು. ನೆಲ ಮುಟ್ಟುವಾಗ ಅದು ಮೈಮೇಲೆ ಬೀಳಬಹುದೆಂಬ ಭಯದಿಂದ ಆತ ನಡುವೆಯೇ ಅದನ್ನು ಬಿಟ್ಟು ಆಧುನಿಕ ಪ್ಯಾರಾಷೂಟಿನಲ್ಲಿ ಇಳಿದುದೂ ದಾಖಲಾಗಿದೆ. 2008ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಒಲಿವಿಯೆ ವಿಯೆಟ್ಟಿ-ಟೆಪ್ಪ ಅದೇ ಆಕೃತಿಯನ್ನು ಹೊಸ ಬಟ್ಟೆಯಲ್ಲಿ, ಮರದ ಚೌಕಟ್ಟಿಲ್ಲದೆ ರಚಿಸಿ ನೆಲದವರೆಗೂ ಇಳಿದನು. ಬದಲಾವಣೆಯನ್ನು ಮರೆಮಾಚಲಿಲ್ಲವಾದ್ದರಿಂದ ಈ ಎರಡು ಪ್ರಯೋಗಗಳು ಒಂದಕ್ಕೊಂದು ಪೂರಕವಾದವು. ನೈಲಾನಿನಿಂದಲೇ ಆರಂಭಿಸಿದ್ದರೆ ಮೂಲದ ಗುಣ ಎಂದಿಗೂ ತಿಳಿಯುತ್ತಿರಲಿಲ್ಲ.

ವಿದ್ಯಾಲಯಗಳ ವಸ್ತುಪ್ರದರ್ಶನಗಳಿಗೂ ಇದು ಅನ್ವಯಿಸುತ್ತದೆ. ಅಂಗಡಿಯಿಂದ ತಂದ, ಗುಂಡಿ ಒತ್ತಿದರೆ ತಿರುಗುವ ಮಾದರಿಗೆ ದಾನಿಗಳ ಹಣ ವ್ಯಯವಾಗುವುದಕ್ಕಿಂತ ಬಿದಿರು, ಹಳೆಯ ಪಂಚೆ, ಗಂಜಿಗಳಿಂದ ವಿದ್ಯಾರ್ಥಿಗಳೇ ಕಟ್ಟಿದ, ಮೇಲೇರಲಾರದ ತಿರುಪೊಂದು ಮೇಜಿನ ಮೇಲಿರಲಿ. ಪಕ್ಕದಲ್ಲೊಂದು ಚೀಟಿ ಇರಲಿ: ಮೂಲದಲ್ಲಿ ಏನಿತ್ತು, ಉಕ್ಕಿನ ಬದಲು ಬಿದಿರನ್ನು ಏಕೆ ಬಳಸಲಾಯಿತು, ಎಷ್ಟು ಸುತ್ತು ತಿರುಗಿ ಎಲ್ಲಿ ನಿಂತಿತು.