ಜೋಗದ ಗುಂಡಿಯೂ ನಮ್ಮ ನೋಟವೂ

‘ಅಷ್ಟು ದೂರ ಹೋದದ್ದೇ ದಂಡ, ಜೋಗದಲ್ಲಿ ನೀರೇ ಇರಲಿಲ್ಲ’ ಎಂಬುದು ಬೇಸಿಗೆಯ ರಜೆಯಲ್ಲಿ ಪ್ರವಾಸ ಮುಗಿಸಿ ಬಂದವರ ಮಾಮೂಲು ದೂರು. ಅದರ ಬೆನ್ನಿಗೇ ಒಂದು ಸಲಹೆಯೂ ಬರುತ್ತದೆ. ಶನಿವಾರ ಭಾನುವಾರಗಳಲ್ಲಾದರೂ ಅಣೆಕಟ್ಟಿನ ಬಾಗಿಲು ತೆಗೆಯಬಾರದೇಕೆ? ಬಿದ್ದ ನೀರನ್ನೇ ಯಂತ್ರದಿಂದ ಮೇಲೆತ್ತಿ ವರ್ಷವಿಡೀ ಧುಮುಕಿಸಬಾರದೇಕೆ? ಸುಶಿಕ್ಷಿತರ ಬಾಯಿಂದಲೇ ಹೊರಡುವ ಈ ಮಾತು ಕೇಳುವುದಕ್ಕೆ ಸಾಧುವಾಗಿದೆ. ಇದರ ಹಿಂದಿನ ಮನೋಭಾವ ಮಾತ್ರ ಅಷ್ಟು ಸಾಧುವಾದದ್ದಲ್ಲ. ಅದನ್ನು ಕುರಿತು ನಾಲ್ಕು ಮಾತು ನಿಷ್ಠುರವಾಗಿಯೇ ಹೇಳಬೇಕಾಗಿದೆ.

ಮೊದಲನೆಯದಾಗಿ, ಜೋಗದ ನೀರು ಎಲ್ಲಿಗೂ ಓಡಿಹೋಗಿಲ್ಲ. ಕಣಿವೆಯಲ್ಲಿ ವಿದ್ಯುತ್ತಿನ ಉತ್ಪಾದನೆ ಆರಂಭವಾದದ್ದು 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿತು. ಅದರ ಹಿಂದೆ ಸುಮಾರು 151 ಟಿ.ಎಂ.ಸಿ. ನೀರು ನಿಲ್ಲಬಲ್ಲುದು. ಅಲ್ಲಿಂದ ತಲಕಳಲೆಗೆ, ತಲಕಳಲೆಯಿಂದ ಕೊಳವೆಗಳಲ್ಲಿ ಇಳಿದು ಅದು 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ನಡೆಸುತ್ತದೆ. ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ ದುಡಿದು ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಜೋಗದಲ್ಲಿ ನೀರಿಲ್ಲವೆಂದು ದೂರುವವರು ಊರಿಗೆ ಮರಳಿ ಗುಂಡಿಯೊತ್ತಿ ದೀಪ ಹಚ್ಚುವಾಗ, ಆ ನೀರಿನ ಪಾಲನ್ನೇ ಉಣ್ಣುತ್ತಿರುತ್ತಾರೆ. ಬೆಳಕೂ ನಮಗೆ ಬೇಕು, ಬೇಕೆಂದಾಗ ಧಾರೆಯೂ ನಮಗೆ ಬೇಕು ಎಂದರೆ ನದಿ ನಮ್ಮ ಮನೆಯ ಆಳೇ?

ಎರಡನೆಯದಾಗಿ, ಜೋಗವೆಂದರೆ ನೀರಿನ ನಾಲ್ಕು ಧಾರೆ ಮಾತ್ರವಲ್ಲ. ನಮ್ಮ ಹಿರಿಯರು ಅದನ್ನು ‘ಜೋಗದ ಗುಂಡಿ’ ಎಂದು ಕರೆದರು. 830 ಅಡಿಯ ಆ ಆಳವನ್ನೂ, ಅದರಾಚೆ ಪಡುಗಡಲಿನತ್ತ ಬಾಯ್ದೆರೆದ ಕಣಿವೆಯನ್ನೂ ಕಂಡೇ ಆ ಹೆಸರು ಬಂದಿರಬೇಕು. ಬೇಸಿಗೆಯಲ್ಲಿ ಕಣ್ಣಿಗೆ ಬೀಳುವ ಬರಿಯ ಬಂಡೆ ನದಿಯ ಯುಗಯುಗಗಳ ದುಡಿಮೆಯ ಸಾಕ್ಷಿ. ಕೆಳಗಿನ ಕಾಡು ಸಿಂಗಳೀಕಗಳ ತವರು. ಆ ಕಣಿವೆಯನ್ನು 2019ರಲ್ಲಿ ಸರ್ಕಾರವೇ ಸಿಂಗಳೀಕದ ಹೆಸರಿನ ಅಭಯಧಾಮವೆಂದು ಸಾರಿತು. ಇದಾವುದೂ ನೋಡತಕ್ಕದ್ದಲ್ಲವೆಂದು ತೀರ್ಮಾನಿಸಿ, ಕಟ್ಟೆಗೆ ಬೆನ್ನು ಮಾಡಿ ಚಿತ್ರ ತೆಗೆಸಿಕೊಂಡು ಬಂದವರು ಜೋಗವನ್ನು ಕಂಡರೆಂದು ಹೇಗೆ ಹೇಳೋಣ?

ಬಯಲುಸೀಮೆಯವನಿಗೆ ಮಲೆನಾಡಿನ ಗೊಡವೆ ಏತಕ್ಕೆಂದು ಓದುಗರು ಕೇಳಬಹುದು. ಚಿತ್ತಾಪುರ ತಾಲ್ಲೂಕಿನ ನಮ್ಮ ಗುಂಡಗುರ್ತಿಯ ಕಡೆ ಘಟ್ಟವಿಲ್ಲ, ಧುಮುಕುವ ಹೊಳೆಯಿಲ್ಲ, ನಿಜ. ಆದರೆ ಗುಂಡಿ ಎಂದರೇನೆಂದು ನಾವು ಬಲ್ಲೆವು. ಶಹಾಬಾದಿನ ಪರಸಿ ಕಲ್ಲು ಎಷ್ಟೋ ಊರುಗಳ ಪಡಸಾಲೆಗಳಲ್ಲಿ ಹಾಸಿಕೊಂಡಿದೆ. ವಾಡಿಯ ಸಿಮೆಂಟು ದೂರದೂರದ ಮಹಡಿಗಳನ್ನು ಹೊತ್ತಿದೆ. ಕಲ್ಲು ತೆಗೆದ ಗುಂಡಿಗಳೂ ಮನೆಯ ಮೇಲೆ ಕೂರುವ ಧೂಳೂ ನಮ್ಮ ಪಾಲಿಗೆ ಉಳಿದಿವೆ. ಪರಸಿಯ ಮೇಲೆ ನಡೆದಾಡುವವರು ಅದರ ಗಣಿಯನ್ನು ನೋಡಲು ಬಂದದ್ದಿಲ್ಲ. ಆದುದರಿಂದ ಶರಾವತಿಯ ಜನರ ಸಂಕಟ ನಮಗೆ ಹೊಸ ಭಾಷೆಯಲ್ಲ. ಕಾಗಿಣಾ ದಂಡೆಯ ಮಳಖೇಡದಲ್ಲಿ ಆಳಿದ ನೃಪತುಂಗನ ಕಾಲದ ‘ಕವಿರಾಜಮಾರ್ಗ’ ಕನ್ನಡನಾಡಿನ ಎಲ್ಲೆಯನ್ನು ಎರಡು ನದಿಗಳ ಹೆಸರಿನಿಂದ ಹೇಳಿತು. ಆ ನಾಡಿನವರು ನದಿಯನ್ನು ಬರಿಯ ನೋಟದ ವಸ್ತುವೆಂದು ಬಗೆಯುವುದು ಅವಮಾನಕರ.

ಆ ಸಂಕಟದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ, ಗದ್ದೆ, ತೋಟ ಮುಳುಗಿ ಎದ್ದುಹೋದ ಕುಟುಂಬಗಳಲ್ಲಿ ಅನೇಕರಿಗೆ, ಅರವತ್ತು ವರ್ಷ ಕಳೆದರೂ, ಕುಳಿತ ನೆಲದ ಹಕ್ಕುಪತ್ರ ಕೈಸೇರಿಲ್ಲ. ಹಿನ್ನೀರಿನಾಚೆ ಉಳಿದ ತುಮರಿಯ ಸುತ್ತಿನವರು ಸಾಗರದ ಪೇಟೆಗೂ ಆಸ್ಪತ್ರೆಗೂ ಲಾಂಚನ್ನೇ ನೆಚ್ಚಿದ್ದರು. ಸಿಗಂದೂರಿನ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ನಾ. ಡಿಸೋಜರು ಈ ಮುಳುಗಡೆಯನ್ನು ಕಾದಂಬರಿಗಳಲ್ಲಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದರು. ಚಿತ್ರಕ್ಕೆ ಸ್ವರ್ಣಕಮಲ ಬಂದಿತು. ಪ್ರಶಸ್ತಿಗೆ ಚಪ್ಪಾಳೆ ತಟ್ಟಿದ ನಾವು ಹಕ್ಕುಪತ್ರದ ಮಾತನ್ನು ಮರೆತೆವು.

ಹಳೆಯ ಸಾಲ ಹೀಗಿರುವಾಗ ಅದೇ ಕಣಿವೆಯ ಬಾಗಿಲಿಗೆ ಹೊಸ ಯೋಜನೆ ಬಂದಿದೆ. ಗೇರುಸೊಪ್ಪೆಯ ನೀರನ್ನು ಘಟ್ಟದ ಮೇಲಿನ ತಲಕಳಲೆಗೆ ಎತ್ತಿ, ಬೇಕಾದಾಗ ಕೆಳಕ್ಕೆ ಬಿಟ್ಟು 2,000 ಮೆಗಾವಾಟ್ ವಿದ್ಯುತ್ತನ್ನು ಪಡೆಯುವ ಉದ್ದೇಶ ಅದರದು. ಇದಕ್ಕಾಗಿ ಅಭಯಧಾಮದ ನೆಲದಡಿ ಸುರಂಗ ಕೊರೆಯಬೇಕು, ಕಾಡಿನೊಳಗೆ ರಸ್ತೆ ಮಾಡಬೇಕು. 2025ರ ಸೆಪ್ಟೆಂಬರಿನ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ಬೇಡವೆಂದು ಕೂಗಿ ಹೇಳಿದರು.

ಯೋಜನೆಯ ಪರವಾದ ವಾದವೂ ಹುರುಳಿಲ್ಲದ್ದಲ್ಲ. ಹಗಲು ಸೂರ್ಯನಿಂದ ಪಡೆದ ವಿದ್ಯುತ್ತನ್ನು ಸಂಜೆಗೆ ಕೂಡಿಡಬೇಕು, ಒಪ್ಪೋಣ. ಆದರೆ ನೀರನ್ನೆತ್ತಿ ಇಳಿಸುವ ಈ ಕ್ರಮದಲ್ಲಿ ಸುಮಾರು ಐದರಲ್ಲೊಂದು ಪಾಲು ಶಕ್ತಿ ಕಳೆದೇ ಹೋಗುತ್ತದೆ. ಕೂಡಿಡುವುದಕ್ಕೆ ಬ್ಯಾಟರಿಗಳಿವೆ, ನದಿಯಿಂದ ದೂರದ ಬೋಳು ಗುಡ್ಡಗಳಲ್ಲಿ ಜಲಾಶಯ ಕಟ್ಟುವ ಹಾದಿಯೂ ಇದೆ. ನಾಡಿಗಾಗಿ ಒಮ್ಮೆ ಮುಳುಗಿದ ಕಣಿವೆಯನ್ನೇ ಮತ್ತೆ ಕೇಳುವುದು ಯಾವ ನ್ಯಾಯ? ಇದ್ದ ಅಣೆಕಟ್ಟನ್ನು ಒಡೆಯಿರೆಂದು ನಾನು ಹೇಳುತ್ತಿಲ್ಲ. ಹಳೆಯ ಸಾಲವನ್ನು ತೀರಿಸದೆ ಹೊಸ ಸಾಲ ಕೇಳಬೇಡಿರೆಂದಷ್ಟೇ ಹೇಳುತ್ತಿದ್ದೇನೆ.

ಜೋಗಕ್ಕೆ ಹೋಗುವವರು ಧಾರಾಳವಾಗಿ ಹೋಗಲಿ, ಬೇಸಿಗೆಯಲ್ಲಿಯೇ ಹೋಗಲಿ. ಬಂಡೆಯ ಮುಂದೆ ಅರ್ಧ ತಾಸು ಸುಮ್ಮನೆ ನಿಲ್ಲಲಿ. ಆಮೇಲೆ ಸೇತುವೆ ದಾಟಿ ತುಮರಿಯ ಮುದುಕರೊಬ್ಬರ ಜಗುಲಿಯಲ್ಲಿ ಕುಳಿತು, ‘ನಿಮ್ಮ ಊರು ಎಲ್ಲಿತ್ತು, ಅಜ್ಜಾರೇ?’ ಎಂದು ಕೇಳಲಿ. ಅವರು ಹಿನ್ನೀರಿನತ್ತ ಕೈಮಾಡಿ ತೋರಿಸಿದ್ದನ್ನು ಕಂಡು ಬಂದ ಮೇಲೆ, ‘ಜೋಗದಲ್ಲಿ ನೀರೇ ಇರಲಿಲ್ಲ’ ಎನ್ನಲು ಯಾರಿಗಾದರೂ ನಾಲಗೆ ಏಳುವುದೇ, ನೋಡೋಣ.